ಅಂಕಿ ಹೇಳೂದು ಬ್ಯಾರೆ, ಎಣಸೂದು ಬ್ಯಾರೆ

ಮನಿಗೆ ಯಾರರ ಬಂದ್ರ ಸಾಕು, ಮೂರು ವರ್ಷದ ಕೂಸನ್ನ ಪಡಸಾಲ್ಯಾಗ ನಿಂದ್ರಿಸಿ 'ಒನ್, ಟೂ ಹೇಳಪಾ' ಅನ್ನೂದು ಈಗ ನಮ್ಮ ಆಡೂರಿನ ಓಣಿಗಳಾಗೂ ಸುರು ಆಗೈತಿ. ಒಂದ ಉಸುರಿಗೆ ಐವತ್ತರ ತನಕಾ ಹೇಳಿದ್ರ ಎಲ್ಲಾರೂ ಚಪ್ಪಾಳಿ. ನಡುವ ನಿಂತ್ರ ಹಡದವ್ವನ ಮಾರಿ ಸಣ್ಣದಾಗತೈತಿ. ಅಕ್ಕಾರ, ತಂಗ್ಯಾರ, ಈ ಚಪ್ಪಾಳಿ ಸ್ವಲ್ಪ ಕಡಿಮಿ ಮಾಡೂಣು ಅಂತ ನನಗ ಅನಸ್ತೈತಿ.

ಬೇಕಾದ್ರ ಒಂದು ಪರೀಕ್ಷಾ ಮಾಡಿ ನೋಡ್ರಿ. ಐವತ್ತು ಹೇಳೂ ಕೂಸಿನ ಮುಂದ ಶೇಂಗಾದ ಬುಟ್ಟಿ ಇಟ್ಟು 'ನನಗ ಮೂರು ಕೊಡು' ಅನ್ರಿ. ಭಾಳಷ್ಟು ಹುಡುಗ್ರು ಆ ವಯಸ್ಸಿಗೆ ಹಿಡಿ ತುಂಬ ತಗದು ಕೊಡ್ತಾವ. 'ಒಂದು ಕೊಡು' ಅಂದ್ರ ಮಾತ್ರ ಸರಿಯಾಗಿ ಒಂದ ಕೊಡ್ತಾವ. ಇದು ದಡ್ಡತನ ಅಲ್ರಿ, ಬೆಳಿಯೂ ರೀತಿನ ಹಂಗ. ಮೊದಲ 'ಒಂದು' ಅಂದ್ರೇನು ಅಂತ ತಿಳೀತೈತಿ, ತಿಂಗಳುಗಟ್ಲೆ ಬಿಟ್ಟು 'ಎರಡು', ಮತ್ತ ಎಷ್ಟೋ ತಿಂಗಳಿಗೆ 'ಮೂರು'. ಎಣಿಸಿ ಕಡೀಕ ಹೇಳಿದ ಅಂಕಿನ ಒಟ್ಟು ಎಷ್ಟು ಅನ್ನೂದರ ಉತ್ತರ ಅಂತ ಹೊಳಿಯೂದು ಮೂರೂವರಿ-ನಾಕು ವರ್ಷದ ಸುಮಾರಿಗೆ, ಕೆಲವಕ್ಕ ಇನ್ನೂ ತಡಾ. ಅಲ್ಲೀತನಕಾ 'ಎಷ್ಟು ಅದಾವ?' ಅಂದ್ರ ಮತ್ತ ಒಂದರಿಂದ ಸುರು ಮಾಡ್ತಾವ.

ಹಂಗಂತ ಕೂಸಿಗೆ ಏನೂ ತಿಳಿಯೂದಿಲ್ಲ ಅಂತಲ್ಲ. ಅಮೆರಿಕಾದ ಕರೆನ್ ವಿನ್ ಅನ್ನೂ ಸಂಶೋಧಕಿ 1992ರಾಗ ಪ್ರಕಟಿಸಿದ್ದು ಕೇಳ್ರಿ. ಐದು ತಿಂಗಳ ಕೂಸುಗಳ ಮುಂದ ಒಂದು ಗೊಂಬಿ ಇಟ್ಟು, ಪರದೆ ಮರಿ ಮಾಡಿ, ಕೂಸಿಗೆ ಕಾಣೂಹಂಗ ಇನ್ನೊಂದನ್ನ ಪರದೆ ಹಿಂದ ಇಟ್ರು. ಪರದೆ ತಗದಾಗ ಎರಡರ ಬದಲಿ ಒಂದ ಗೊಂಬಿ ಕಂಡ್ರ ಕೂಸುಗಳು ಹೆಚ್ಚು ಹೊತ್ತು ಮಿಕಿಮಿಕಿ ನೋಡಿದುವು. ಮಾತ ಬಾರದ ಕೂಸಿಗೂ ಒಂದೀಟು ಲೆಕ್ಕದ ಅರಿವು ಇರ್ತೈತಿ. ಆ ಅರಿವಿಗೂ ಬಾಯಾಗಿನ ಅಂಕಿಗೂ ಗಂಟು ಬೀಳಾಕ ವರ್ಷಗಟ್ಲೆ ಬೇಕು, ಅಷ್ಟ.

ನನ್ನ ಮಗಳು ಡಿ.ಎಡ್. ಓದೂ ಮುಂದ ಪಿಯಾಜೆ ಅನ್ನೂ ಪಂಡಿತನ ಪಾಠ ಇತ್ತು. ಹಪ್ಪಳ ಒಣ ಹಾಕೂ ಮುಂದ ಅದನ್ನ ಮಾಡಿ ತೋರಿಸಿದ್ಲು. ಎರಡು ಸಾಲಿನ್ಯಾಗ ಆರಾರು ಹಪ್ಪಳ. ಒಂದು ಸಾಲು ಸ್ವಲ್ಪ ಅಗಲಾಗಿ ಸರಿಸಿದ್ಲು. ಬಾಜೂ ಮನಿ ನಾಕು ವರ್ಷದ ಹುಡುಗಿ 'ಇದರಾಗ ಹೆಚ್ಚದಾವ' ಅಂತ ಉದ್ದ ಸಾಲು ತೋರಿಸಿತು. ಕಣ್ಣಿಗೆ ಉದ್ದ ಕಂಡಿದ್ದನ್ನ ಹೆಚ್ಚು ಅನ್ನೂ ವಯಸ್ಸು ಅದು. ಆರೇಳು ವರ್ಷಕ್ಕ ತಾನ ಹೋಗತೈತಿ.

ಈ ಗಂಟು ಬಿಗಿಯೂದು ಮನ್ಯಾಗಿನ ಕೆಲಸದಾಗ. ಉಣ್ಣಾಕ ಕುಂಡ್ರೂ ಮುಂದ 'ಮಂದಿಗೊಂದು ತಾಟು ಇಡು' ಅಂತ ಕೂಸಿಗೆ ಹೇಳ್ರಿ. ಅಜ್ಜಗ ಒಂದು, ಅಪ್ಪಗ ಒಂದು. ಒಂದು ತಾಟು ಕಡಿಮಿ ಬಿದ್ರ ಯಾರೂ ಬೈಯಬ್ಯಾಡ್ರಿ, ಅದ ಓಡಿ ಹೋಗಿ ತರತೈತಿ. ನಮ್ಮ ಮಾತಿನ್ಯಾಗ ಒಂದು ಚೆಂದ ಐತಿ ನೋಡ್ರಿ. ಮಂದೀಗೆ ಇಬ್ರು, ತಾಟಿಗೆ ಎರಡು. ಇಬ್ರು ಬಂದ್ರ ಎರಡು ತಾಟು ಬೇಕು ಅಂತ ಕೂಸಿಗೆ ಗೊತ್ತಾತಂದ್ರ, ಇಬ್ರೊಳಗೂ ಎರಡರೊಳಗೂ ಇರೂ ಲೆಕ್ಕ ಒಂದ ಅಂತ ತಿಳೀತು. ಸುಗ್ಯಾಗ ರಾಶಿ ಅಳಿಯೂ ಮುಂದ ಹಿರ್ಯಾರು 'ಒಂದು' ಅನ್ನದ 'ಲಾಭ' ಅಂತಿದ್ರು. ಹೆಸರು ಯಾವುದಾದ್ರೂ ಸೇರು ಒಂದ.

ಚೌಕಾಬಾರದ ನಾಕು ಕವಡಿಗಿಂತ ಚಲೋ ಮಾಸ್ತರ ಯಾರದಾರ? ಮ್ಯಾಲ ಮಾರಿ ಮಾಡಿದ್ದು ಮೂರಾದ್ರ ಮೂರು ಮನಿ ನಡೀಬೇಕು. ನಾಕೂ ಬೋರಲ ಬಿದ್ರ ಎಂಟು. ಎರಡು ಮನಿ ಹೆಚ್ಚು ಜಿಗದ್ರ ಎದುರಿನವರು ಸುಮ್ನ ಬಿಡಾಂಗಿಲ್ಲ!

ಇನ್ನ ಕನ್ನಡದಾಗ ಯಾಕ ಎಣಸಬೇಕು ಅಂದ್ರ, ಹನ್ನೊಂದು, ಹನ್ನೆರಡು, ಹದಿಮೂರು ಅನ್ನೂದರಾಗ ಹತ್ತು ಕುಂತೈತಿ. ಇಪ್ಪತ್ತು ಅಂದ್ರ ಎರಡು ಹತ್ತು, ಮೂವತ್ತು ಅಂದ್ರ ಮೂರು ಹತ್ತು. 'ಇಲೆವನ್', 'ಟ್ವೆಲ್ವ್' ಕೇಳಿದ ಕೂಸಿಗೆ ಅದರಾಗ ಹತ್ತು ಎಲ್ಲಿ ಕಾಣಸ್ತೈತಿ? (ನಮ್ಮ ಎಂಬತ್ತೊಂಬತ್ತು, ತೊಂಬತ್ತೊಂಬತ್ತು ನಾಲಿಗಿ ತೊಡರಸ್ತಾವ, ಅದೂ ಖರೆ.) ಇಂಗ್ಲೀಷು ಬ್ಯಾಡ ಅನ್ನೂದಿಲ್ಲ, ಸಾಲ್ಯಾಗ ಹೆಂಗೂ ಬರತೈತಿ. ಮನ್ಯಾಗಿಂದು ಬಿಡಬ್ಯಾಡ್ರಿ.

ಇಷ್ಟೆಲ್ಲಾ ಬರಿಯೂ ಕಾರಣ ಹೇಳಿಬಿಡ್ತೀನಿ. ಹುಬ್ಬಳ್ಳ್ಯಾಗಿರೂ ನನ್ನ ಮಮ್ಮಗ ಮೂರೂವರಿ ವರ್ಷದಾಂವ. ಅವನ ನರ್ಸರಿಯವರು 'ನಿಮ್ಮ ಹುಡುಗ ಹಿಂದದಾನ, ಇಪ್ಪತ್ತರ ಮುಂದ ಬರೂದಿಲ್ಲ, ಟ್ಯೂಷನ್ ಹಚ್ಚರಿ' ಅಂದಾರಂತ. ಸೊಸಿ ಫೋನಿನ್ಯಾಗ ಅತ್ಲು. ಆಕಿದೇನು ತಪ್ಪಿಲ್ಲ, ಸಾಲಿಯವರು ಹಂಗಂದ್ರ ಯಾವ ತಾಯಿಗೆ ಹೆದರಿಕಿ ಆಗೂದಿಲ್ಲ? ಆದ್ರ ಹ್ವಾದ ತಿಂಗಳ ಅಂವ ಊರಿಗೆ ಬಂದಾಗ ಉಂಡಿ ಹಂಚಾಕ ಕೊಟ್ಟಿದ್ದೆ. ಮೂರು ಮಂದಿಗೆ ಒಂದೊಂದು ಕೊಟ್ಟು, ಕೈ ನೋಡಿಕೊಂಡು, 'ಆಯಿ, ನಂದು ಇಲ್ಲ, ಇನ್ನೊಂದು' ಅಂದ. ಇದನ್ನ ಸೊಸಿಗೆ ಹೇಳೇನಿ. 'ಅತ್ತಿ, ಸಾಲ್ಯಾಗ ಉಂಡಿ ಕೇಳೂದಿಲ್ಲ' ಅಂದಾಳ. ಸೋಮವಾರ ಟ್ಯೂಷನ್ ಹಚ್ಚಾಕ ಹೊಂಟಾಳ. ನಾ ರವಿವಾರದ ಬಸ್ಸಿಗೆ ಹುಬ್ಬಳ್ಳಿಗೆ ಹೊಂಟೇನಿ, ಚೀಲದಾಗ ಕವಡಿ ಹಾಕ್ಕೊಂಡು.