ಗಲ್ಫಿಗೆ ಹೊರಡುವ ಮುನ್ನ ಕಾಗದ ನೋಡಿ

ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ನೆಲೆಸಿರುವ ನಮ್ಮ ಬ್ಯಾರಿ ಕುಟುಂಬಗಳಿಗೆ ಗಲ್ಫ್ ಹೊಸದಲ್ಲ. ಆದರೆ ಮೊದಲ ಸಲ ವಿಮಾನ ಹತ್ತುವ ಹುಡುಗನಿಗೆ ಎಲ್ಲವೂ ಹೊಸದೇ. "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸೋಣ" ಅಂತ ಏಜೆಂಟ್ ಹೇಳ್ತಾನೆ. ಮನೆಯವರು ಚಿನ್ನ ಅಡವಿಟ್ಟು ಹಣ ಕೊಡ್ತಾರೆ. ಮೊದಲ ತಪ್ಪು ಆಗೋದು ಇಲ್ಲೇ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಯುಎಇ, ಕುವೈತ್, ಖತರ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವುದಾದರೆ ಸರಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಬೇಕು. ಅದರ ಜೊತೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಹೋದವನಿಗೆ ಇದ್ಯಾವುದೂ ಇಲ್ಲ. ಅಲ್ಲಿ ಕೆಲಸ ಮಾಡುವುದೇ ಅಪರಾಧ.

ಪರದೇಶದಲ್ಲಿ ಕಾಗದದ ಬೆಲೆ ಏನೆಂದು ನಮ್ಮ ಹಂಪಿಯ ಚರಿತ್ರೆಯೇ ಹೇಳುತ್ತದೆ. 1443ರಲ್ಲಿ ಸುಲ್ತಾನ ಶಾರುಖನ ರಾಯಭಾರಿ ಅಬ್ದುರ್ರಝಾಕ್ ಹಿರಾತ್‌ನಿಂದ ಹೊರಟು, ಮಂಗಳೂರಿನ ದಾರಿಯಾಗಿ ವಿಜಯನಗರಕ್ಕೆ ಬಂದರು. ಇಮ್ಮಡಿ ದೇವರಾಯ ಗೌರವದಿಂದಲೇ ಬರಮಾಡಿಕೊಂಡ. ಆದರೂ ಅಲ್ಲಿದ್ದ ಹುರ್ಮುಝ್‌ನವರು "ಇವರು ನಿಜವಾದ ರಾಯಭಾರಿಯಲ್ಲ" ಎಂದು ಸುದ್ದಿ ಹಬ್ಬಿಸಿದರು. ಸುಲ್ತಾನನ ಪತ್ರ ತಂದವರಿಗೇ ಹೀಗಾದರೆ, ಸರಿಯಾದ ವೀಸಾ ಇಲ್ಲದ ನಮ್ಮ ಹುಡುಗನ ಮಾತು ಯಾರು ಕೇಳ್ತಾರೆ?

ಏಜೆಂಟನ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಅವನು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಕೊಟ್ಟದ್ದಕ್ಕೆ ರಶೀದಿ ಕೇಳಿ. ಸಂಬಳ, ರಜೆ, ಊಟ, ವಸತಿ ಎಲ್ಲ ಕರಾರಿನಲ್ಲಿ ಇರಲಿ. "ನಮ್ಮವರೇ ಅಲ್ವಾ, ಕಾಗದ ಯಾಕೆ" ಅನ್ನಬೇಡಿ. ಸೂರಾ ಅಲ್ ಬಖರದ 282ನೇ ಆಯತ್ ಸಾಲದ ವ್ಯವಹಾರವನ್ನು ಸಾಕ್ಷಿ ಸಮೇತ ಬರೆದಿಡಲು ಕಲಿಸುತ್ತದೆ. ಬರೆದಿಡುವುದು ಅಪನಂಬಿಕೆ ಅಲ್ಲ.

ಪೆಟ್ಟಿಗೆ ಕಟ್ಟುವ ಉಮ್ಮಂದಿರಿಗೂ ಒಂದು ಮಾತು. ನಮ್ಮ ಅಡುಗೆಮನೆಯ ಗಸಗಸೆ ಸೌದಿ, ಯುಎಇಗಳಲ್ಲಿ ನಿಷಿದ್ಧ. ಅದಕ್ಕೆ ಜೈಲೂ ಆಗಬಹುದು. ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳ ಮೇಲೂ ಅಲ್ಲಿ ನಿರ್ಬಂಧವಿದೆ. ಡಾಕ್ಟರ ಚೀಟಿ ಇರಲಿ, ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಯಾರೋ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ.

ಹುಡುಗ ಹೊರಡುವಾಗ ದುಆ ಮಾಡಿ ಕಳಿಸುವುದು ನಮ್ಮ ಜಮಾಅತ್‌ಗಳ ಒಳ್ಳೆಯ ರೂಢಿ. ಅದಕ್ಕೂ ಮೊದಲು, ಹಣ ಕೊಡುವ ಮುನ್ನವೇ, ಓದಬಲ್ಲ ಇಬ್ಬರು ಕೂತು ಅವನ ವೀಸಾ, ಕರಾರು ನೋಡಿಕೊಡಲಿ. ಜುಮಾ ಮುಗಿದ ಮೇಲೆ ಅರ್ಧ ಗಂಟೆ ಸಾಕು.