ಹೆಸರು ನಮ್ಮದು, ವಿಳಾಸ ಎರವಿನದು



ಎರವಾಗಿ ತಂದುದನ್ನು ಅವಧಿಯೊಳಗೆ ಹಿಂದಿರುಗಿಸಬೇಕೆಂಬುದು ಗೃಹಸ್ಥಧರ್ಮದ ಮೊದಲ ಪಾಠಗಳಲ್ಲೊಂದು. ನೆರೆಮನೆಯಿಂದ ತಂದ ಸೇರು ಹಿಟ್ಟಾಗಲಿ, ಮದುವೆಗೆಂದು ಮಠದಿಂದ ತಂದ ಹಂಡೆಯಾಗಲಿ, ಬಳಸಿದ ಮೇಲೆ ಮರಳಿ ಹೋಗದಿದ್ದರೆ ಮುಂದಿನವರ ಕಾರ್ಯ ನಿಲ್ಲುತ್ತದೆ. ಇಂದು ನಮ್ಮ ಮನೆಗಳಲ್ಲಿಯೂ ಪ್ರಸಾದ ನಿಲಯಗಳಲ್ಲಿಯೂ ನೆಲೆಗೊಂಡಿರುವ ಗಣಕಯಂತ್ರಗಳ ಜಾಲವು ಇದೇ ಎರವಿನ ನಿಯಮದ ಮೇಲೆ ನಡೆಯುತ್ತದೆಂಬುದನ್ನು ಅನೇಕರು ಅರಿಯರು. ಅರಿಯದೆ, ಯಂತ್ರವೇ ಕೆಟ್ಟಿತೆಂದು ಬಗೆದು ಹೊಸದನ್ನು ಕೊಳ್ಳಲು ಹೊರಡುವುದುಂಟು.

ಒಂದು ಪ್ರಸಾದ ನಿಲಯವನ್ನು ಕಲ್ಪಿಸಿಕೊಳ್ಳೋಣ. ಹತ್ತು ದಿನಗಳ ರಜೆಯಲ್ಲಿ ಅಲ್ಲಿಯ ಕಚೇರಿಯ ಯಂತ್ರಗಳೆಲ್ಲ ಆರಿದ್ದವು. ರಜೆಯ ಕೊನೆಯ ಸಂಜೆ ಶಿವಾನುಭವ ಗೋಷ್ಠಿ ನಡೆಯಿತು. ನೂರಕ್ಕೂ ಹೆಚ್ಚು ಜನ ತಮ್ಮ ಮೊಬೈಲುಗಳನ್ನು ನಿಲಯದ ವೈಫೈಗೆ ಜೋಡಿಸಿಕೊಂಡರು. ಮರುದಿನ ವಿದ್ಯಾರ್ಥಿವೇತನದ ಅರ್ಜಿಗಳಿಗೆ ಕಡೆಯ ದಿನ. ಕಚೇರಿಯ ಯಂತ್ರಕ್ಕೆ ಜಾಲ ಸಿಗಲೊಲ್ಲದು, ಮುದ್ರಣಯಂತ್ರ ಓಗೊಡದು. ಬಡ ಮಕ್ಕಳ ಒಂದು ವರ್ಷದ ಓದು ಆ ಒಂದು ದಿನವನ್ನು ಅವಲಂಬಿಸಿದೆ. ಇಲ್ಲಿ ಕೆಟ್ಟದ್ದೇನು? ಯಾವ ಯಂತ್ರವೂ ಕೆಟ್ಟಿಲ್ಲ.

ಜಾಲದೊಳಗಿನ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳ ಒಂದು ವಿಳಾಸ ಬೇಕು. ಅದನ್ನು ಹಂಚುವುದು ರೌಟರ್ ಎಂಬ ಪೆಟ್ಟಿಗೆ. ಈ ಹಂಚಿಕೆಯ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. 1993ರಲ್ಲಿ ಪ್ರಕಟವಾದ ಇದರ ನಿಯಮಗಳನ್ನು ರಾಲ್ಫ್ ಡ್ರೋಮ್ಸ್ ಎಂಬ ವಿದ್ವಾಂಸರು 1997ರಲ್ಲಿ ಪರಿಷ್ಕರಿಸಿದರು. ಹೊಸದಾಗಿ ಬಂದ ಯಂತ್ರವು "ವಿಳಾಸ ಕೊಡುವವರಿದ್ದೀರಾ?" ಎಂದು ಕೂಗುತ್ತದೆ, ರೌಟರ್ ಒಂದನ್ನು ತೋರಿಸುತ್ತದೆ, ಯಂತ್ರ ಅದನ್ನೇ ಬೇಡುತ್ತದೆ, ರೌಟರ್ ಒಪ್ಪಿ, ಅವಧಿಯನ್ನು ಗೊತ್ತುಪಡಿಸಿ ಕೊಡುತ್ತದೆ. ನಮ್ಮ ರೈತರಿಗೆ ಹೇಳುವುದಾದರೆ ಇದು ಗೇಣಿಯೇ ಹೊರತು ಕ್ರಯವಲ್ಲ. ಅವಧಿಯ ಅರ್ಧ ಕಳೆದಾಗ ಯಂತ್ರವು ನವೀಕರಣ ಕೇಳುತ್ತದೆ. ಅವಧಿ ತೀರುವವರೆಗೂ ನವೀಕರಣವಾಗದಿದ್ದರೆ ವಿಳಾಸವನ್ನು ಬಿಟ್ಟುಕೊಡಬೇಕು.

ನಮ್ಮ ನಿಲಯದ ರೌಟರಿನ ಬಳಿ ಇದ್ದ ವಿಳಾಸಗಳು ನೂರು, ಎರವಿನ ಅವಧಿ ಎಂಟು ದಿನ. ರಜೆಯಲ್ಲಿ ಆರಿದ್ದ ಯಂತ್ರಗಳ ಎರವು ತೀರಿತು. ಗೋಷ್ಠಿಗೆ ಬಂದವರು ನೂರನ್ನೂ ಪಡೆದರು, ಮಂಗಳವಾಗುತ್ತಲೇ ಮನೆಗೆ ನಡೆದರು. ಬಾಗಿಲು ದಾಟುವಾಗ "ಇಗೋ ನಿನ್ನ ವಿಳಾಸ" ಎಂದು ಒಪ್ಪಿಸಿ ಹೋಗುವ ಅಭ್ಯಾಸ ಮೊಬೈಲುಗಳಿಗೆ ಸಾಮಾನ್ಯವಾಗಿ ಇಲ್ಲ. ಆದುದರಿಂದ ರೌಟರಿನ ಲೆಕ್ಕದಲ್ಲಿ ಅವರು ಇನ್ನೂ ಎಂಟು ದಿನ ಪಡಸಾಲೆಯಲ್ಲಿಯೇ ಕುಳಿತಿದ್ದಾರೆ! ಪಂಕ್ತಿಯಲ್ಲಿ ಎದ್ದುಹೋದವರ ಎಲೆಗಳನ್ನು ತೆಗೆಯದಿದ್ದರೆ ಹಸಿದು ಬಂದವರಿಗೆ ಸ್ಥಳವೆಲ್ಲಿ?

ಇದನ್ನು ಗುರುತಿಸುವುದು ಸುಲಭ. ವಿಂಡೋಸ್ ಯಂತ್ರದಲ್ಲಿ ಐಪಿಕಾನ್ಫಿಗ್ ಎಂಬ ಆಜ್ಞೆಯನ್ನಿತ್ತರೆ ಅದರ ವಿಳಾಸ ಕಾಣುತ್ತದೆ. ಅದು 169.254 ಎಂದು ಮೊದಲಾಗಿದ್ದರೆ, ಎರವು ದೊರೆಯದೆ ಯಂತ್ರವು ತಾನೇ ಒಂದನ್ನು ಕಲ್ಪಿಸಿಕೊಂಡಿದೆಯೆಂದು ತಿಳಿಯಬೇಕು. ಪರಿಹಾರವೂ ಕಠಿಣವಲ್ಲ. ರೌಟರಿನ ಪಟ್ಟಿಯನ್ನು ತೆರೆದು ಹೋದವರ ಎರವುಗಳನ್ನು ಅಳಿಸುವುದು. ಅತಿಥಿಗಳಿಗೆ ಬೇರೆ ಜಾಲವನ್ನಿಟ್ಟು ಅಲ್ಲಿಯ ಅವಧಿಯನ್ನು ಒಂದೆರಡು ಗಂಟೆಗಳಿಗೆ ಇಳಿಸುವುದು. ಮುದ್ರಣಯಂತ್ರಕ್ಕೆ ಒಂದು ವಿಳಾಸವನ್ನು ಶಾಶ್ವತವಾಗಿ ಕಾಯ್ದಿರಿಸುವುದು. ಅವಧಿಯನ್ನು ಇಳಿಸಿದರೂ ಹಳೆಯ ಎರವುಗಳು ತಮ್ಮ ಹಳೆಯ ಅವಧಿಯನ್ನೇ ಅನುಸರಿಸುತ್ತವೆಂಬುದನ್ನು ಮರೆಯಬಾರದು. ಜಾಲದ ವ್ಯಾಪ್ತಿ ಹೆಚ್ಚಲೆಂದು ಯಾರಾದರೂ ಎರಡನೆಯ ರೌಟರನ್ನು ಸಿಕ್ಕಿಸಿದ್ದಾರೆಯೇ ಎಂಬುದನ್ನೂ ನೋಡಬೇಕು. ಒಂದೇ ಊರಿನಲ್ಲಿ ಇಬ್ಬರು ಶಾನುಭೋಗರು ಬೇರೆ ಬೇರೆ ಪಹಣಿ ಬರೆದರೆ ಆಗುವ ಗೊಂದಲವೇ ಅಲ್ಲಿಯೂ ಆಗುತ್ತದೆ.

ಇನ್ನು ಹೆಸರಿನ ವಿಚಾರ. ಅಂಕಿಗಳನ್ನು ನೆನಪಿಡುವುದು ಮನುಷ್ಯನಿಗೆ ಕಷ್ಟವಾದುದರಿಂದ ಯಂತ್ರಗಳಿಗೆ ಹೆಸರಿಡುತ್ತೇವೆ. ಮೊದಲು ಅಮೆರಿಕದ ಮೆನ್ಲೋ ಪಾರ್ಕ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡವು ಜಾಲದ ಎಲ್ಲ ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿ ಕಾಪಾಡುತ್ತಿತ್ತು. ಜಾಲ ಬೆಳೆದಂತೆ ಆ ಒಂದು ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ಹೆಸರುಗಳ ಹೊಣೆಯನ್ನು ಹಲವರಿಗೆ ಹಂಚುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು.

ನಮ್ಮ ಓಣಿಗಳಲ್ಲಿ ನಾಲ್ವರು ಬಸವರಾಜರಿರುವುದು ಸಹಜ. ಅಂಗಡಿ, ಹಿರೇಮಠ, ಪಾಟೀಲ ಎಂಬ ಮನೆತನದ ಹೆಸರು ಸೇರಿದಾಗಲೇ ಅಂಚೆಯವನಿಗೆ ದಾರಿ ಕಾಣುತ್ತದೆ. ಯಂತ್ರಗಳಿಗೂ ಹಾಗೆಯೇ. ಎರಡಕ್ಕೂ "ಆಫೀಸ್" ಎಂದು ಹೆಸರಿಟ್ಟರೆ ಒಂದಕ್ಕೆ ಕಳುಹಿಸಿದುದು ಇನ್ನೊಂದಕ್ಕೆ ಹೋದೀತು. ಹೆಸರು ಬೇರೆ ಬೇರೆಯಾಗಿರಲಿ, ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳನ್ನು ಮಾತ್ರ ಒಳಗೊಂಡಿರಲಿ, 15 ಅಕ್ಷರಗಳನ್ನು ಮೀರದಿರಲಿ, ನಡುವೆ ತೆರಪು ಬೇಡ.

ದೋಷ ಹೆಸರಿನದೋ ವಿಳಾಸದ್ದೋ ಎಂದು ಬೇರ್ಪಡಿಸಲು ಒಂದು ಪರೀಕ್ಷೆಯಿದೆ. ಪಿಂಗ್ ಎಂಬ ಆಜ್ಞೆಯಿಂದ ಆ ಯಂತ್ರವನ್ನು ಮೊದಲು ಅಂಕಿಗಳಿಂದ ಕರೆಯಿರಿ, ಬಳಿಕ ಹೆಸರಿನಿಂದ. ಅಂಕಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದೋಷ ಹೆಸರಿನ ದಾಖಲೆಯದು: ಮುದ್ರಣಯಂತ್ರ ಹೊಸ ವಿಳಾಸಕ್ಕೆ ಹೋಗಿದೆ, ದಾಖಲೆ ಇನ್ನೂ ಹಳೆಯ ಮನೆಯನ್ನೇ ತೋರಿಸುತ್ತಿದೆ. ಎರಡಕ್ಕೂ ಓಗೊಡದಿದ್ದರೆ ಮೊದಲು ತಂತಿಯನ್ನೂ ವಿಳಾಸವನ್ನೂ ಪರಿಶೀಲಿಸಿರಿ. ಪ್ರತಿಯೊಂದು ಯಂತ್ರದ ಹೆಸರನ್ನೂ ಅದಕ್ಕೆ ಕಾಯ್ದಿರಿಸಿದ ವಿಳಾಸವನ್ನೂ ಒಂದು ವಹಿಯಲ್ಲಿ ಬರೆದಿಟ್ಟರೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಮಠಗಳ, ನಿಲಯಗಳ ವ್ಯವಸ್ಥಾಪಕರಲ್ಲಿ ಒಂದು ವಿನಂತಿ. ಅರ್ಜಿಯ ಕಡೆಯ ದಿನ ಬರುವ ಮುನ್ನವೇ ಈ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿರಿ. ಭಕ್ತರ ಕಾಣಿಕೆಯ ಹಣದಿಂದ ಹೊಸ ಯಂತ್ರ ಕೊಳ್ಳುವ ಮೊದಲು ಹಳೆಯದರ ವಿಳಾಸವನ್ನು ವಿಚಾರಿಸಿರಿ. ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ಇರುವುದು ಬೇಕಾದವರಿಗೆ ಬೇಕಾದ ಹೊತ್ತಿಗೆ ಒದಗುವಂತೆ ನೋಡಿಕೊಳ್ಳುವುದೂ ದಾಸೋಹವೇ. ಎಂಟು ದಿನದ ಎರವನ್ನು ಎರಡು ಗಂಟೆಗೆ ಇಳಿಸುವುದರಿಂದ ಒಬ್ಬ ವಿದ್ಯಾರ್ಥಿಯ ಅರ್ಜಿ ಸಕಾಲಕ್ಕೆ ತಲುಪುವುದಾದರೆ ಅದೂ ಸತ್ಯಶುದ್ಧ ಕಾಯಕವೇ ಸರಿ.