ಗರ್ಭಚೀಲದ ಮೇಲೆ ಹೊರಿಸಿದ ಅಪವಾದ

ಎರಡು ಮೂರು ಸಲ ಬಸಿರು ನಿಲ್ಲದೆ ಹೋದ ಹೆಂಗಸಿಗೆ ನಮ್ಮ ದೊಡ್ಡಬಳ್ಳಾಪುರದ ಕಡೆ ಒಂದೇ ತೀರ್ಪು: ‘ಅವಳ ಗರ್ಭಚೀಲ ವೀಕು.’ ಈಗ ಈ ತೀರ್ಪಿಗೆ ವಿಜ್ಞಾನದ ಮೊಹರು ಒತ್ತಿಸಿಕೊಳ್ಳುವ ಆತುರ ಕಾಣುತ್ತಿದೆ. ಪದೇ ಪದೇ ಗರ್ಭಪಾತವಾದವರ ಗರ್ಭಕೋಶದ ಒಳಪದರದಲ್ಲಿ ಕೆಲವು ಪ್ರೋಟೀನುಗಳು ಹೆಚ್ಚು, ಕೆಲವು ಕಡಿಮೆ ಎಂದು ಸಂಶೋಧನೆಗಳು ಹೇಳುತ್ತಿವೆ. ‘ನೋಡಿ, ದೋಷ ಅವಳದೇ’ ಎಂದು ಅದನ್ನು ಓದಿಕೊಳ್ಳುವವರಿಗೆ ನನ್ನ ತಕರಾರಿದೆ.

ಆ ಒಳಪದರ ಗೋಡೆಯ ಹಾಗೆ ಸುಮ್ಮನೆ ನಿಂತಿರುವುದಿಲ್ಲ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಪ್ರಭಾವದಿಂದ ಅದರ ಜೀವಕೋಶಗಳು ರೂಪ ಬದಲಿಸುತ್ತವೆ. ಪ್ರೊಲ್ಯಾಕ್ಟಿನ್, ಐಜಿಎಫ್‌ಬಿಪಿ-1 ಮುಂತಾದ ಪ್ರೋಟೀನುಗಳನ್ನು ಸ್ರವಿಸಿ ಭ್ರೂಣಕ್ಕೆ ಜಾಗ ಸಿದ್ಧಮಾಡುತ್ತವೆ. ಈ ಲೆಕ್ಕ ಋತುಚಕ್ರದ ದಿನದಿಂದ ದಿನಕ್ಕೆ ಬದಲಾಗುತ್ತದೆ. ಗರ್ಭ ಹೋದ ಮೇಲೆ ತೆಗೆದ ಚೂರಿನಲ್ಲಿ ಕಂಡ ವ್ಯತ್ಯಾಸ ಕಾರಣವೋ ಪರಿಣಾಮವೋ ಎಂದು ಆ ಚೂರೊಂದೇ ಹೇಳಲಾರದು.

ಇನ್ನು ಭ್ರೂಣದ ಕಡೆ ನೋಡಿ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಭ್ರೂಣದ ವರ್ಣತಂತುಗಳೇ ಏರುಪೇರಾಗಿರುತ್ತವೆ. ಗಂಡಸಿನ ವೀರ್ಯಾಣುವಿನ ಡಿಎನ್‌ಎ ತುಂಡಾಗಿರುವುದಕ್ಕೂ ಪದೇ ಪದೇ ಗರ್ಭಪಾತವಾಗುವುದಕ್ಕೂ ನಂಟು ಕಂಡಿದೆ. ಆದರೆ ಗಂಡನನ್ನು ಪರೀಕ್ಷೆಗೆ ಕರೆದರೆ ಮನೆತನದ ಮರ್ಯಾದೆ ಅಡ್ಡ ಬರುತ್ತದೆ! ಸಂತಾನಕ್ಕಾಗಿ ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರ ಪ್ರತಿಷ್ಠೆಗೆ ದಂಪತಿಗಳಾಗಿ ಕೂರುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಮಾತ್ರ ಅವಳೊಬ್ಬಳೇ. ದೇವರ ಮುಂದೆ ಇಬ್ಬರ ಹರಕೆಯಾದದ್ದು ಡಾಕ್ಟರ ಮುಂದೆ ಒಬ್ಬಳ ಕಾಯಿಲೆ ಹೇಗಾಯಿತು?

‘ಮೂರು ಸಲ ಆಗಲಿ, ಆಮೇಲೆ ನೋಡೋಣ’ ಎನ್ನುವ ಮಾತೂ ನಿಲ್ಲಬೇಕು. ಎರಡು ಸಲವಾದರೇ ಅದನ್ನು ಮರುಕಳಿಸುವ ಗರ್ಭಪಾತವೆಂದು ಪರಿಗಣಿಸಬೇಕೆಂದು ಯುರೋಪಿನ ಸಂತಾನ ವೈದ್ಯರ ಸಂಘ ಎಶ್ರೆ 2017ರಲ್ಲೇ ಹೇಳಿದೆ. ಥೈರಾಯಿಡ್, ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು, ಗರ್ಭಕೋಶದ ಆಕಾರ ಇವನ್ನು ಪರೀಕ್ಷಿಸಲು ಮೂರನೆಯ ದುಃಖಕ್ಕೆ ಯಾಕೆ ಕಾಯಬೇಕು?

ಈ ವಿಷಯದಲ್ಲಿ ಸಮಾಜಕ್ಕಿಂತ ಕಾನೂನೇ ವಾಸಿ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಗರ್ಭಪಾತವಾದವಳಿಗೆ ಸಂಬಳ ಸಹಿತ ಆರು ವಾರ ರಜೆ ಇದೆ. ಇಎಸ್‌ಐನಲ್ಲೂ ಆರು ವಾರದ ಸೌಲಭ್ಯವಿದೆ. ಯಾರ ದೋಷವೆಂದು ಅದು ಕೇಳುವುದಿಲ್ಲ. ನಮ್ಮ ಅಪರೆಲ್ ಪಾರ್ಕಿನ ಹೊಲಿಗೆ ಯಂತ್ರಗಳ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ‘ಗರ್ಭಚೀಲ ವೀಕು’ ಎಂದು ಹೇಳುವ ಬಾಯಿಗಳು ಈ ಹಕ್ಕಿನ ಸುದ್ದಿಯನ್ನು ಹೇಳಲಿ.

ಪ್ರೋಟೀನುಗಳ ಸಂಶೋಧನೆ ನಡೆಯಲಿ, ಅದರಿಂದ ಚಿಕಿತ್ಸೆ ಹುಟ್ಟಲಿ. ಆದರೆ ನಾವು ಸಂಶೋಧಕರು ಹೆಂಡತಿಯ ಅಂಗಾಂಶ ಕೇಳುವ ದಿನವೇ ಗಂಡನ ಮಾದರಿಯನ್ನೂ ಕೇಳೋಣ. ಅಲ್ಲಿಯವರೆಗೆ ನಮ್ಮ ಲೆಕ್ಕ ಅರ್ಧ ಲೆಕ್ಕವೇ.